ಬೆನ್ನಿಗೆ ಸ್ಕ್ರೂ ಹಾಕಿಸಬೇಕು ಅಂದಿದ್ದಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 44 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಒಂದೂವರೆ ವರ್ಷದಿಂದ ಸೊಂಟ ನೋವು. ಅರ್ಧ ಗಂಟೆ ಮೆಷಿನ್ ಮುಂದೆ ಕೂತರೆ ಎದ್ದೇಳಲು ಆಗುವುದಿಲ್ಲ. ಕಾಲಿಗೆ ಏನೂ ತೊಂದರೆ ಇಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ ಸವೆದಿದೆ, ಉಬ್ಬಿದೆ ಅಂತ ಬಂದಿದೆ. ಒಬ್ಬ ಡಾಕ್ಟರು ಸ್ಕ್ರೂ, ರಾಡ್ ಹಾಕಿ ಎರಡು ಮೂಳೆ ಕೂಡಿಸಬೇಕು ಅಂದರು. ಇನ್ನೊಬ್ಬರು ಬೇಡವೇ ಬೇಡ ಅಂದರು. ಒಡವೆ ಅಡ ಇಟ್ಟಾದರೂ ಮಾಡಿಸೋಣ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಉತ್ತರ: ನಮಸ್ಕಾರ ಅಮ್ಮಾ. ಒಡವೆ ಸದ್ಯಕ್ಕೆ ಮನೆಯಲ್ಲೇ ಇರಲಿ. ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ‘ಕಾಲಿಗೆ ಏನೂ ತೊಂದರೆ ಇಲ್ಲ’ ಅನ್ನುವ ಮಾತು. ನರ ಒತ್ತಿಕೊಂಡು ಕಾಲಿಗೆ ನೋವು ಇಳಿದಿದ್ದರೆ ಆಪರೇಷನ್‌ನಿಂದ ಒಳ್ಳೆಯ ಗುಣ ಸಿಗುತ್ತದೆ. ಬರೀ ಸೊಂಟ ನೋವಿಗೆ ಅದನ್ನು ಅಷ್ಟು ನಂಬಲು ಆಗುವುದಿಲ್ಲ.

ರಿಪೋರ್ಟ್ ನೋಡಿ ಹೆದರಬೇಡಿ. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆ. ಅವುಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಬೆನ್ನು ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ ಹಾಕಿದ ಒಂದು ಅಧ್ಯಯನ 2015ರಲ್ಲಿ ಬಂತು. 40 ವರ್ಷದವರಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. 68% ಜನರಿಗೆ ಸವೆದಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ಹಾಗಾಗಿ ನಿಮ್ಮ ನೋವಿಗೆ ಈ ಉಬ್ಬೇ ಕಾರಣ ಅಂತ ಸ್ಕ್ಯಾನ್ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ.

ಮೂಳೆ ಒಂದರ ಮೇಲಿಂದ ಒಂದು ಜಾರಿದ್ದರೆ, ಮುರಿದಿದ್ದರೆ, ಟಿಬಿ ಬಂದು ಕರಗಿದ್ದರೆ ವಿಷಯ ಬೇರೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಇವು ಇದ್ದರೆ ತಪ್ಪದೆ ಹೇಳಿ. ಇನ್ನೊಂದು, ಸರಿಯಾಗಿ ವ್ಯಾಯಾಮ ಮಾಡಿದ್ದೀರಾ?

ಪ್ರಶ್ನೆ ಕೇಳಿದವರು: ಜ್ವರ ಗಿರ ಏನೂ ಇಲ್ಲ ಡಾಕ್ಟ್ರೇ. ಮೂಳೆ ಜಾರಿಲ್ಲ ಅಂತ ಇಬ್ಬರೂ ಹೇಳಿದರು. ಹತ್ತು ದಿನ ಫಿಸಿಯೋಥೆರಪಿಗೆ ಹೋಗಿದ್ದೆ. ಕರೆಂಟ್ ಇಟ್ಟರು, ಶಾಖ ಕೊಟ್ಟರು. ಆಮೇಲೆ ಮತ್ತೆ ಅದೇ ನೋವು.

ಉತ್ತರ: ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕರೆಂಟ್, ಶಾಖ ಆ ಹೊತ್ತಿಗೆ ಹಿತ. ಅದು ವ್ಯಾಯಾಮ ಅಲ್ಲ. ಸ್ವೀಡನ್‌ನಲ್ಲಿ 2001ರ ಒಂದು ಅಧ್ಯಯನದಲ್ಲಿ ಮಾಮೂಲಿ ಫಿಸಿಯೋಥೆರಪಿ ಪಡೆದವರಿಗಿಂತ ಮೂಳೆ ಕೂಡಿಸಿಕೊಂಡವರೇ ಜಾಸ್ತಿ ಸುಧಾರಿಸಿದ್ದರು. ಆದರೆ ನಾರ್ವೆಯಲ್ಲಿ 2003ರಲ್ಲಿ ಬಂದ ಇನ್ನೊಂದನ್ನು ನೋಡಿ. 64 ಜನರ ಚಿಕ್ಕ ಅಧ್ಯಯನ. ಕೆಲವರಿಗೆ ಆಪರೇಷನ್ ಮಾಡಿದರು. ಉಳಿದವರಿಗೆ ಬೆನ್ನು ಬಗ್ಗಿಸಲು ಹೆದರಬೇಡಿ ಅಂತ ತಿಳಿಸಿ ಹೇಳಿ, ಮೂರು ವಾರ ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಿಸಿದರು. ವರ್ಷ ಕಳೆಯುವಾಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಥರ ಇದ್ದರು. ವ್ಯಾಯಾಮ ಅಂದರೆ ಅಷ್ಟು ಗಟ್ಟಿಯಾಗಿ ಮಾಡಬೇಕು.

ಮೂರು ತಿಂಗಳು ಕೊಡಿ. ನಿಮ್ಮ ಕೈಯಲ್ಲೇ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಕಿ. ದಿನಾ ನಡೆಯಿರಿ, ಮೊದಮೊದಲು ಹತ್ತು ನಿಮಿಷ ಸಾಕು. ಅರ್ಧ ಗಂಟೆಗೆ ನೋವು ಬರುತ್ತದೆ ಅಂದಿರಲ್ಲ, ಇಪ್ಪತ್ತು ನಿಮಿಷಕ್ಕೇ ಎದ್ದು ಎರಡು ಸುತ್ತು ಓಡಾಡಿ. ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದರೆ ಮೇಜು ಹಾಕಿಕೊಳ್ಳಿ. ಸ್ಟೂಲ್ ಬದಲು ಒರಗುವ ಕುರ್ಚಿ ಇರಲಿ. ಸ್ವಲ್ಪ ನೋವಾಯಿತು ಅಂತ ನಿಲ್ಲಿಸಬೇಡಿ. ಅಷ್ಟಾದ ಮೇಲೂ ಆಪರೇಷನ್ ಮಾತು ಬಂದರೆ ಸರ್ಜನ್‌ಗೆ ಕೇಳಿ: ನನ್ನ ಯಾವ ನೋವು ಹೋಗುತ್ತದೆ? ಎಷ್ಟು ಹೋಗುತ್ತದೆ? ಹೋಗದಿದ್ದರೆ ಮುಂದೇನು?

ಇನ್ನೊಬ್ಬರು: ಸರ್, ನಮ್ಮ ಯಜಮಾನರು ಖಾಸಗಿ ಬಸ್ ಡ್ರೈವರ್, 39 ವರ್ಷ. ಒಂಬತ್ತು ವಾರದಿಂದ ಸೊಂಟದಿಂದ ಬಲಗಾಲಿನ ಪಾದದವರೆಗೂ ಸೆಳೆತ. ನಾಲ್ಕು ದಿನದಿಂದ ಆ ಕಾಲಿನ ಚಪ್ಪಲಿ ಜಾರಿ ಬಿದ್ದರೂ ಅವರಿಗೆ ಗೊತ್ತಾಗುತ್ತಿಲ್ಲ. ಆಪರೇಷನ್ ಮಾಡಿಸಿದರೆ ಕಾಲೇ ಹೋಗುತ್ತದೆ ಅಂತ ಅತ್ತೆ ಒಪ್ಪುತ್ತಿಲ್ಲ. ನಾವೂ ಮೂರು ತಿಂಗಳು ಕಾಯಬಹುದಾ?

ಉತ್ತರ: ಬೇಡ ತಾಯಿ. ಮೇಲೆ ಹೇಳಿದ್ದು ಇವರಿಗೆ ಅನ್ವಯಿಸುವುದಿಲ್ಲ. ಹಿಮ್ಮಡಿ ಊರಿ ನಾಲ್ಕು ಹೆಜ್ಜೆ ನಡೆಯಲು ಹೇಳಿ. ಮುಂಗಾಲು ಮೇಲೆ ಎತ್ತಲು ಆಗದಿದ್ದರೆ ನರದ ಬಲ ಕುಂದುತ್ತಿದೆ ಅಂತ ಅರ್ಥ. ಹೇಗಿದ್ದರೂ ನಾಳೆಯೇ ಸ್ಪೈನ್ ಸರ್ಜನ್ ಅಥವಾ ನ್ಯೂರೋ ಸರ್ಜನ್‌ಗೆ ತೋರಿಸಿ. ಅಲ್ಲಿಯವರೆಗೆ ಬಸ್ ಓಡಿಸುವುದು ಬೇಡವೇ ಬೇಡ, ಬ್ರೇಕ್ ತುಳಿಯುವುದು ಅದೇ ಕಾಲು.

ಬರೀ ಕಾಲುನೋವಾಗಿದ್ದರೆ ಕಾಯಿರಿ ಅನ್ನುತ್ತಿದ್ದೆ. ನೆದರ್ಲೆಂಡ್ಸ್‌ನಲ್ಲಿ ಇಂಥ 283 ಜನರನ್ನು ನೋಡಿ 2007ರಲ್ಲಿ ಬರೆದಿದ್ದಾರೆ. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ವರ್ಷದ ಹೊತ್ತಿಗೆ ಎರಡೂ ಕಡೆ 95% ಜನ ಸುಧಾರಿಸಿದ್ದರು. ಕಾದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಬಲ ಕುಂದುತ್ತಿರುವಾಗ ಈ ಲೆಕ್ಕ ನಡೆಯುವುದಿಲ್ಲ.

ಅತ್ತೆಯವರಿಗೆ ಹೀಗೆ ಹೇಳಿ. ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ (ಎಲ್1-ಎಲ್2) ಹತ್ತಿರವೇ ಮುಗಿಯುತ್ತದೆ. ಡಿಸ್ಕ್ ತೊಂದರೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ಅಲ್ಲಿರುವುದು ನರದ ಎಳೆಗಳು. ಕಾಲುಗಳ ಸ್ವಾಧೀನವೇ ತಪ್ಪುವುದು ತೀರಾ ಅಪರೂಪ. ಸೋಂಕು, ನರದ ಹೊದಿಕೆ ಹರಿಯುವುದು, ಡಿಸ್ಕ್ ಮತ್ತೆ ಹೊರಬರುವುದು, ಇವುಗಳ ಬಗ್ಗೆ ಸರ್ಜನ್ ಹತ್ತಿರ ಬಿಚ್ಚಿ ಕೇಳಿ.

ಮೂತ್ರ ಕಟ್ಟಿಕೊಂಡರೆ, ಗೊತ್ತಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ ನಾಳೆಯವರೆಗೂ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಇನ್ನೊಬ್ಬರು: ಹಿಮ್ಮಡಿ ಮೇಲೆ ನಡೆಯಲು ಆಗುತ್ತಿಲ್ಲ ಸರ್. ಮೂತ್ರ ಸರಿಯಾಗಿ ಆಗುತ್ತಿದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇವೆ.

ಉತ್ತರ: ಒಳ್ಳೆಯದು. ಎಂಆರ್‌ಐ ಮಾಡಿಸಿದ್ದರೆ ಫಿಲ್ಮ್ ಮರೆಯಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಆಧಾರ್ ಕಾರ್ಡನ್ನೂ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಡಾಕ್ಟರು ಏನಂದರು ಅಂತ ನಾಳೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.