ಹಳೆಯ ಒಂದಿಂಚಿನ ನಕ್ಷೆ ಉಪಗ್ರಹ ಚಿತ್ರದ ಮೇಲೆ ಕೂರುತ್ತಿಲ್ಲ, ಎಲ್ಲ ಊರೂ ಜಾಗ ಬಿಟ್ಟಿವೆ

ಹಾಳೂರು_ಹುಡುಕ

ತಲೆ ಕೆಟ್ಟುಹೋಗಿದೆ. ಹಳೆಯ ಟೋಪೋಶೀಟನ್ನು, ಅಂದರೆ ಸರ್ವೇ ನಕ್ಷೆಯನ್ನು, ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಜಿಯೋರೆಫರೆನ್ಸ್ ಮಾಡಿ (ನೆಲದ ಜಾಗಕ್ಕೆ ಹೊಂದಿಸಿ) ಉಪಗ್ರಹ ಚಿತ್ರದ ಮೇಲೆ ಹಾಕಿದರೆ ಒಂದೇ ಒಂದು ಊರು ತನ್ನ ಜಾಗದಲ್ಲಿಲ್ಲ. ದೇವಸ್ಥಾನ ಹೊಲದಲ್ಲಿದೆ, ಹೊಲ ಕೆರೆಯಲ್ಲಿದೆ, ಕೆರೆ ಗುಡ್ಡ ಹತ್ತಿದೆ. ನಾಲ್ಕು ಮೂಲೆಗೂ ಅಕ್ಷಾಂಶ ರೇಖಾಂಶ ಸರಿಯಾಗಿಯೇ ಕೊಟ್ಟಿದ್ದೇನೆ. ರೆಸಿಡ್ಯುಯಲ್, ಅಂದರೆ ಹೊಂದಿಸಿದ ಮೇಲೆ ಉಳಿಯುವ ತಪ್ಪು, ಒಂದು ಪಿಕ್ಸೆಲ್‌ಗಿಂತ ಕಡಿಮೆ ಬರುತ್ತಿದೆ. ಅಳಿಸಿ ಮೊದಲಿನಿಂದ ಮಾಡಿದರೂ ಅದೇ ಕಥೆ.

ನಮ್ಮ ಅಜ್ಜಿಯ ತವರೂರು ಈಗ ಬೇಚರಾಕ್ ಗ್ರಾಮ. ಪಹಣಿಯಲ್ಲಿ ಹೆಸರಿದೆ, ನೆಲದ ಮೇಲೆ ಊರಿಲ್ಲ. ಈ ನಕ್ಷೆಯಲ್ಲಿ ಮನೆಗಳ ಚುಕ್ಕೆ, ಪಕ್ಕದಲ್ಲೊಂದು ಸಣ್ಣ ಕೆರೆ, ಎರಡು ಕಾಲುದಾರಿ, ಎಲ್ಲವೂ ಇವೆ. ಆ ಜಾಗ ಈಗ ಎಲ್ಲಿ ಬರುತ್ತದೆ ಎಂದು ತಿಳಿಯಬೇಕು, ಅಷ್ಟೆ. ಯಾವ ಸೆಟ್ಟಿಂಗ್ ಬದಲಿಸಬೇಕು? ಬೇಗ ಹೇಳಿ, ದಯವಿಟ್ಟು.

ತ್ರಿಕೋನ_ಕಲ್ಲು

ಇದರಲ್ಲಿ ಯೋಚಿಸುವುದೇನೂ ಇಲ್ಲ, ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಆಕಾರ ಮತ್ತು ಮೂಲಬಿಂದು. ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳೆಲ್ಲ ಎವರೆಸ್ಟ್ 1830 ಗೋಳಾಭಕ್ಕೆ ಕಟ್ಟಿದವು, ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರ. ನಿಮ್ಮ ಉಪಗ್ರಹ ಚಿತ್ರ ಡಬ್ಲ್ಯುಜಿಎಸ್ 84, ಜಿಪಿಎಸ್ ಬಳಸುವ ಡೇಟಮ್. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹಾಕಿದರೆ ಊರು ಸರಿಯದೆ ಏನಾಗುತ್ತದೆ? ಜಿಯೋರೆಫರೆನ್ಸರ್‌ನಲ್ಲಿ ಗುರಿ ಸಿಆರ್‌ಎಸ್ ಎಂದು 4326 ಇಟ್ಟಿರುತ್ತೀರಿ, ಅದು ಡಬ್ಲ್ಯುಜಿಎಸ್ 84ರ ನಿರ್ದೇಶಾಂಕ ಪದ್ಧತಿಯ ಸಂಖ್ಯೆ. ಅದನ್ನು ಇಪಿಎಸ್‌ಜಿ 4146 ಮಾಡಿ, ಕೆಲಸ ಮುಗಿಯಿತು. ಈ ಪ್ರಶ್ನೆಗೆ ಇಲ್ಲಿ ಹಲವು ಸಲ ಉತ್ತರ ಬರೆದಿದ್ದೇನೆ, ಹುಡುಕಿ ನೋಡುವ ಅಭ್ಯಾಸ ಯಾರಿಗೂ ಇಲ್ಲ.

ತೂಬಿನ_ಕೆಳಗೆ

ಎಷ್ಟು ದೂರ ಸರಿದಿದೆ? ಯಾವ ದಿಕ್ಕಿಗೆ? ಹಾಳೆ ಯಾವ ವರ್ಷದ್ದು, ಸಂಖ್ಯೆ ಏನು? ಇವನ್ನು ಹೇಳದಿದ್ದರೆ ನಾವೆಲ್ಲ ಕಣ್ಣು ಕಟ್ಟಿಕೊಂಡು ಕಲ್ಲು ಹೊಡೆದಂತೆ.

ಇನ್ನೊಂದು ಮಾತು. 76 ಡಿಗ್ರಿ 15 ನಿಮಿಷವನ್ನು 76.15 ಎಂದು ಬರೆದಿಲ್ಲ ತಾನೇ? ಅದು 76.25 ಆಗಬೇಕು. ಇಲ್ಲಿಗೆ ಬರುವ ದೂರುಗಳಲ್ಲಿ ಅರ್ಧ ಅದೇ ಆಗಿರುತ್ತದೆ.

ಹಾಳೂರು_ಹುಡುಕ

76.15 ಎಂದು ಬರೆಯುವಷ್ಟು ಹೊಸಬನಲ್ಲ ಸ್ವಾಮಿ. ಹಾಳೆ ಹಳೆಯದು ಎಂದು ಮೊದಲೇ ಹೇಳಿದ್ದೇನೆ, ಒಂದಿಂಚಿಗೆ ಒಂದು ಮೈಲಿಯದು. 4146 ಹಾಕಿ ನೋಡಿದೆ. ಸ್ವಲ್ಪ ಅಲುಗಿತು. ಊರು ಊರಿನ ಜಾಗಕ್ಕೆ ಬರಲಿಲ್ಲ.

ತ್ರಿಕೋನ_ಕಲ್ಲು

ಅಲುಗಿತು ಎಂದರೆ ನಾನು ಹೇಳಿದ್ದು ಸರಿ ಎಂದೇ ಅರ್ಥ. 4146 ಎಂದರೆ ಕಲ್ಯಾಣಪುರ 1975. ಅದಕ್ಕಿಂತ ಹಳೆಯ ಹಾಳೆಯಾದರೆ 1937, ಇನ್ನೂ ಹಳೆಯದಾದರೆ 1880, ಅಂದರೆ 4243. ಒಂದೊಂದಾಗಿ ಹಾಕಿ ನೋಡಿ. ಜೊತೆಗೆ ಡಬ್ಲ್ಯುಜಿಎಸ್‌ಗೆ ಪರಿವರ್ತನೆಯ ಮೂರು ಅಂಕಿ, 295, 736, 257 ಮೀಟರ್, ಇವನ್ನು ತಂತ್ರಾಂಶ ನಿಜವಾಗಿ ಬಳಸುತ್ತಿದೆಯೇ ಪರೀಕ್ಷಿಸಿ. ಬಹಳ ಸಲ ಅದು ಸುಮ್ಮನೆ ಸೊನ್ನೆ ಎಂದು ಹಿಡಿದುಬಿಡುತ್ತದೆ.

ಶರಾವತಿ_ಹಿನ್ನೀರು

ಡೇಟಮ್ ಗೀಟಮ್ ಏನೂ ಬೇಡ. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿ, ನಲವತ್ತು ಐವತ್ತು ಬಿಂದು ಒತ್ತಿ, ಎಳೆದು ಕೂರಿಸಿ. ನಾನು ಎಲ್ಲವನ್ನೂ ಹಾಗೆಯೇ ಮಾಡುವುದು. ಲಿಂಗನಮಕ್ಕಿ ಕಟ್ಟುವ ಮುಂಚಿನ ಹಾಳೆಗಳನ್ನೆಲ್ಲ ಜೋಡಿಸಿ ಹಿನ್ನೀರಿನ ಮೇಲೆ ಹಾಸಿದ್ದೇನೆ. 1964ರಲ್ಲಿ ಮುಳುಗಿದ ಊರು, ಗದ್ದೆ, ಗಾಡಿದಾರಿ ಒಂದೊಂದೂ ಕಾಣುತ್ತದೆ. ನೀರು ತೀರಾ ಇಳಿದ ವರ್ಷ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದಾಗ ಮೊಬೈಲ್ ಹಿಡಿದು ಅದರ ಮೇಲೆ ನಡೆದೆ, ನೀಲಿ ಚುಕ್ಕೆ ನಕ್ಷೆಯ ಗೆರೆಯ ಮೇಲೆಯೇ ಇತ್ತು. ಸ್ಕ್ಯಾನ್ 600 ಡಿಪಿಐ, ಮಾನಿಟರ್ ಎರಡು, ಗೋಡೆಗೆ ಫ್ಲೆಕ್ಸ್ ಮೇಲೆ ಮುದ್ರಿಸಿದ ಇಡೀ ಕಣಿವೆ. ಬೇಕಾದರೆ ಚಿತ್ರ ಹಾಕುತ್ತೇನೆ.

ತೂಬಿನ_ಕೆಳಗೆ

ಸ್ಪ್ಲೈನ್‌ನಲ್ಲಿ ಒತ್ತಿದ ಬಿಂದುಗಳಲ್ಲೆಲ್ಲ ತಪ್ಪು ಸೊನ್ನೆ ಎಂದೇ ತೋರಿಸುತ್ತದೆ, ಏಕೆಂದರೆ ಕಾಗದವನ್ನು ರಬ್ಬರಿನ ಹಾಗೆ ಎಳೆದು ಆ ಬಿಂದುಗಳಿಗೆ ಸಿಕ್ಕಿಸುವುದೇ ಅದರ ಕೆಲಸ. ಒಂದು ಬಿಂದು ಬೇರೆ ಊರಿನ ಗುಡಿಯ ಮೇಲೆ ಬಿದ್ದಿದ್ದರೂ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಬಟ್ಟೆಗೆ ಅಂಟಿಸಿ ಮಡಿಸಿದ ನಕ್ಷೆಗೆ ಅದು ಸರಿ, ತುಂಡುಗಳ ನಡುವೆ ಸಂದು ಇರುತ್ತದೆ. ಮಡಿಸದ ಹಾಳೆಗೆ ಮೊದಲ ದರ್ಜೆಯ ಪಾಲಿನಾಮಿಯಲ್ ಸಾಕು, ಅದು ಇಡೀ ಹಾಳೆಯನ್ನು ಒಂದೇ ಲೆಕ್ಕದಲ್ಲಿ ಸರಿಸಿ, ತಿರುಗಿಸಿ, ಹಿಗ್ಗಿಸುತ್ತದೆ. ಮೂರು ಬಿಂದುವಿಗೆ ಲೆಕ್ಕ ಸಿಗುತ್ತದೆ, ನಾಲ್ಕನೆಯದರಿಂದ ತಪ್ಪು ಹೊರಬೀಳುತ್ತದೆ.

ಹಿರೇಭಾಸ್ಕರದ ಚಿತ್ರ ಹಾಕಿ, ಆದರೆ ಬೇರೆ ಎಳೆಯಲ್ಲಿ.

ಪಟ್ಟಿ_ಸರಪಳಿ

ಎಲ್ಲ ಓದಿದೆ. ಬೇಚರಾಕ್ ಗ್ರಾಮ ಹುಡುಕಲು ಟೋಪೋಶೀಟ್ ಹಿಡಿದುಕೊಂಡಿದ್ದೀರಲ್ಲ, ಅದೇ ಮೊದಲ ತಪ್ಪು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಊರು ಹಾಳಾದರೂ ಗ್ರಾಮ ಗ್ರಾಮವೇ. ಸರ್ವೇ ನಂಬರ್, ಬಾಂದು ಕಲ್ಲು, ಗೋಮಾಳ, ಹಳ್ಳ ಎಲ್ಲವೂ ಇರುತ್ತವೆ. ನಿಮ್ಮ ಒಂದಿಂಚಿನ ಹಾಳೆಯಲ್ಲಿ ಕಾಲು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಹದಿನಾರು ಮೀಟರ್ ಆಗುತ್ತದೆ. ಗ್ರಾಮ ನಕ್ಷೆ ಸಾಮಾನ್ಯವಾಗಿ 1:7920, ಇಂಚಿಗೆ 660 ಅಡಿ, ಅಂದರೆ 33 ಅಡಿಯ ಸರಪಳಿ ಇಪ್ಪತ್ತು. ಸೇವೆಯಲ್ಲಿದ್ದಷ್ಟು ಕಾಲ ಆ ಸರಪಳಿ ಎಳೆದವನು ನಾನು.

ತ್ರಿಕೋನ_ಕಲ್ಲು

ಗ್ರಾಮ ನಕ್ಷೆಯಲ್ಲಿ ಅಕ್ಷಾಂಶ ಎಲ್ಲಿದೆ ಸರ್? ಅದನ್ನು ಭೂಮಿಯ ಮೇಲೆ ಯಾವ ಮೊಳೆಗೆ ನೇತುಹಾಕುತ್ತೀರಿ? ತ್ರಿಕೋನ ಸರ್ವೇ ಆರಂಭಿಸಿದ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನಲ್ಲಿ ಇನ್ನೊಂದು ಅಳೆದು, ಸಾವನದುರ್ಗದಂಥ ಬೆಟ್ಟಗಳ ತುದಿಗೆ ಯಂತ್ರ ಹೊತ್ತು ತ್ರಿಕೋನ ಕಟ್ಟಿದ್ದು ಸುಮ್ಮನೆಯೇ?

ಪಟ್ಟಿ_ಸರಪಳಿ

ಅವರು ಬೆಟ್ಟದ ಮೇಲೆ ನಿಂತು ನೋಡಿದರು, ನಾವು ಹೊಲದಲ್ಲಿ ಮುಳ್ಳು ತುಳಿದು ಅಳೆದೆವು. ಸಾವನದುರ್ಗ ಇಟ್ಟುಕೊಂಡು ಯಾರ ಹಿಸ್ಸಾ ಜಗಳವೂ ತೀರಿಲ್ಲ.

ತ್ರಿಕೋನ_ಕಲ್ಲು

ಹಿಸ್ಸಾ ಜಗಳ ಸರಪಳಿಯಿಂದಲೂ ತೀರಿದ್ದನ್ನು ನಾನು ಕಂಡಿಲ್ಲ.

ತೂಬಿನ_ಕೆಳಗೆ

ಇಬ್ಬರಿಗೂ ನಮಸ್ಕಾರ. ಪ್ರಶ್ನೆ ಕೇಳಿದವರು ಇನ್ನೂ ಎಷ್ಟು ದೂರ, ಯಾವ ದಿಕ್ಕು ಎಂದು ಹೇಳಿಲ್ಲ. ಈಗಲೂ ಇರುವ ಒಂದು ದೊಡ್ಡ ಕೆರೆ ಆರಿಸಿ. ಏರಿಯ ಎರಡು ತುದಿ ನೋಡಿ. ರಸ್ತೆ ಕೂಡುವ ಜಾಗ ಬೇಡ, ಅದು ಅಗಲವಾಗಿ ಬದಲಾಗಿರುತ್ತದೆ. ಕೆರೆಯ ನೀರಂಚೂ ಬೇಡ. ಏರಿ ಮಾತ್ರ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ನಕ್ಷೆಯ ಏರಿಯಿಂದ ಚಿತ್ರದ ಏರಿಗೆ ಅಳತೆ ಪಟ್ಟಿ ಎಳೆದು ಅಂಕಿ ಕೊಡಿ.

ಹಾಳೂರು_ಹುಡುಕ

ಅಳೆದೆ. ಅರಸೀಕೆರೆ ಕಡೆಯ ಹಾಳೆ ಇದು. ನಕ್ಷೆಯ ಕೆರೆಗಳೆಲ್ಲ ಪೂರ್ವಕ್ಕೆ ಸರಿದಿವೆ, ಒಂದೊಂದೂ ನಾಲ್ಕು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬೇರೆ ಬೇರೆ ಕೆರೆಗಳಲ್ಲೂ ಅಷ್ಟೇ ಬರುತ್ತಿದೆ. ಉತ್ತರ ದಕ್ಷಿಣ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ವರ್ಷ 1880ರ ದಶಕ. ಸಂಖ್ಯೆಯಲ್ಲಿ 57, 48 ಎಂಬುದೆಲ್ಲ ಇಲ್ಲ, ಮೈಸೂರು ಎಂದು ಬರೆದು ಪಕ್ಕದಲ್ಲಿ ಬೇರೊಂದು ಸಂಖ್ಯೆ ಇದೆ. ಇದೆಲ್ಲ ಮುಖ್ಯ ಎಂದು ಯಾರೂ ಮೊದಲು ಹೇಳಲಿಲ್ಲ.

ತೂಬಿನ_ಕೆಳಗೆ

ಎರಡನೆಯ ಉತ್ತರದಲ್ಲೇ ಕೇಳಿದ್ದೆ. ಇರಲಿ.

ಇದು ಡೇಟಮ್ ಅಲ್ಲ. ನಮ್ಮ ಭಾಗದಲ್ಲಿ ಎವರೆಸ್ಟಿಗೂ ಡಬ್ಲ್ಯುಜಿಎಸ್‌ಗೂ ಇರುವ ಅಂತರ ಒಂದೆರಡು ನೂರು ಮೀಟರ್, ಅದರಲ್ಲಿ ಉತ್ತರ ದಕ್ಷಿಣದ ಪಾಲೂ ಇರುತ್ತದೆ. ನಾಲ್ಕು ಕಿಲೋಮೀಟರ್, ಅದೂ ಬರೀ ಪೂರ್ವಕ್ಕೆ ಎಂದರೆ ರೇಖಾಂಶದ ಲೆಕ್ಕವೇ ಬೇರೆ. ಹಾಳೆಯ ಕೆಳ ಅಂಚಿನಲ್ಲಿ ಮದರಾಸು ವೀಕ್ಷಣಾಲಯದ ರೇಖಾಂಶ ಇಷ್ಟೆಂದು ಹಿಡಿಯಲಾಗಿದೆ ಎಂಬ ಸಣ್ಣಕ್ಷರದ ಸಾಲು ಇರಬೇಕು. ಅದನ್ನು ಓದಿ ಹೇಳಿ.

ಹಾಳೂರು_ಹುಡುಕ

ಅಂಚು ಇಲ್ಲ. ಫೈಲು ಭಾರವಾಗುತ್ತದೆ ಎಂದು ಚೌಕಟ್ಟಿನ ಒಳಗಿನ ಭಾಗವನ್ನಷ್ಟೇ ಉಳಿಸಿಕೊಂಡೆ. ಎಲ್ಲರೂ ಹಾಗೆಯೇ ಮಾಡುವುದಲ್ಲವೇ?

ಶರಾವತಿ_ಹಿನ್ನೀರು

ಅಯ್ಯೋ, ಅಂಚು ಕತ್ತರಿಸುವುದೇ? ನಾನು ಮುದ್ರಣಾಲಯದ ಗುರುತನ್ನೂ ಬಿಡುವುದಿಲ್ಲ. ಒಂದಿಂಚಿನ ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ಐದೂವರೆ ಮೀಟರ್ ಹತ್ತಿರ, 600ಕ್ಕೆ ಅದರ ಅರ್ಧ. ಅದಕ್ಕೇ ನಾನು ಹೇಳುವುದು, 600.

ತೂಬಿನ_ಕೆಳಗೆ

ಮೂಲ ಸ್ಕ್ಯಾನ್ ಹುಡುಕಿ. ಅಲ್ಲಿಯವರೆಗೆ ನನ್ನ ಊಹೆ ಇದು.

ಆ ಕಾಲದಲ್ಲಿ ಈ ದೇಶದ ನಕ್ಷೆಗಳ ರೇಖಾಂಶವೆಲ್ಲ ಮದರಾಸು ವೀಕ್ಷಣಾಲಯದಿಂದ ಹೊರಡುತ್ತಿತ್ತು. ಮೊದಲು ಆ ವೀಕ್ಷಣಾಲಯ ಗ್ರೀನಿಚ್‌ನಿಂದ 80°17′21″ ಪೂರ್ವಕ್ಕಿದೆ ಎಂದು ಹಿಡಿದಿದ್ದರು. ಅಕ್ಷಾಂಶವನ್ನು ನಕ್ಷತ್ರ ನೋಡಿ ಅಲ್ಲಲ್ಲೇ ತಿಳಿಯಬಹುದು. ರೇಖಾಂಶಕ್ಕೆ ಎರಡು ಊರುಗಳ ಸಮಯದ ವ್ಯತ್ಯಾಸ ಬೇಕು, ಗ್ರೀನಿಚ್ ಎಷ್ಟು ದೂರ! ತಂತಿ ಬಂದ ಮೇಲೆ ಸಮಯವನ್ನು ನೇರವಾಗಿ ಹೋಲಿಸಿ ನೋಡಿದರೆ ಅದು 80°14′54″ ಎಂದು ತಿಳಿಯಿತು. ವ್ಯತ್ಯಾಸ 2′27″. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಕ್ಷೆಗಳ ಹೊಸ ಸಂಖ್ಯಾಕ್ರಮ ಬಂತು, ಈಗಿನ 48, 57, 58 ಎಲ್ಲ ಆ ಕ್ರಮದವು. ಆ ಸಂಖ್ಯೆಯ ಹಾಳೆಗಳಿಗೆ ಈ ತಲೆನೋವು ಇಲ್ಲ, ನಿಮ್ಮದು ಅದಕ್ಕಿಂತ ಹಳೆಯದು.

ಈಗ ಲೆಕ್ಕ. 2′27″ ಎಂದರೆ 147 ಸೆಕೆಂಡು. ಅರಸೀಕೆರೆಯ ಅಕ್ಷಾಂಶದಲ್ಲಿ ರೇಖಾಂಶದ ಒಂದು ಸೆಕೆಂಡು ಸುಮಾರು 30 ಮೀಟರ್. ಗುಣಿಸಿದರೆ 4.4 ಕಿಲೋಮೀಟರ್. ನೀವು ಅಳೆದದ್ದು ಅದೇ. ನಾಲ್ಕು ಮೂಲೆಯ ರೇಖಾಂಶದಿಂದ 2′27″ ಕಳೆಯಿರಿ, ದಶಮಾಂಶದಲ್ಲಿ 0.0408. ಅಕ್ಷಾಂಶ ಮುಟ್ಟಬೇಡಿ.

ರೆಸಿಡ್ಯುಯಲ್ ಏಕೆ ಚೆನ್ನಾಗಿ ಬಂತು ಎಂದರೆ ನಾಲ್ಕು ಮೂಲೆಯೂ ಒಟ್ಟಿಗೆ ಒಂದೇ ಕಡೆಗೆ ತಪ್ಪಿದ್ದವು. ಒಳಗೊಳಗೆ ಅವುಗಳಲ್ಲಿ ಜಗಳವಿರಲಿಲ್ಲ.

ತ್ರಿಕೋನ_ಕಲ್ಲು

ಇದೂ ಒಂದು ಬಗೆಯ ಡೇಟಮ್ ದೋಷವೇ. ರೇಖಾಂಶದ ಆರಂಭ ಎಲ್ಲಿ ಎಂಬುದು ಡೇಟಮ್‌ನ ಭಾಗವಲ್ಲದೆ ಮತ್ತೇನು?

ಪಟ್ಟಿ_ಸರಪಳಿ

ಸೋತವರು ಆಟದ ನಿಯಮ ಬದಲಿಸುತ್ತಾರೆ.

ಹಾಳೂರು_ಹುಡುಕ

ಕೂತಿತು! 0.0408 ಕಳೆದ ಕೂಡಲೇ ದೇವಸ್ಥಾನ ಊರೊಳಗೆ ಬಂತು, ಕೆರೆ ಗುಡ್ಡದಿಂದ ಇಳಿಯಿತು. ಈಗಲೂ ಎಲ್ಲವೂ ಆಗ್ನೇಯಕ್ಕೆ ಒಂದಿನ್ನೂರು ಮೀಟರ್ ಜರುಗಿದಂತಿದೆ. ಸಿಆರ್‌ಎಸ್ ಅನ್ನು ನಡುವೆ ಮತ್ತೆ 4326 ಮಾಡಿದ್ದೆ.

ತ್ರಿಕೋನ_ಕಲ್ಲು

ಇನ್ನೂರು ಮೀಟರ್, ಆಗ್ನೇಯ. ಈಗ ಯಾರ ಬಾಗಿಲಿಗೆ ಬರುತ್ತೀರಿ? 4146 ಹಾಕಿ.

ಹಾಳೂರು_ಹುಡುಕ

ಹಾಕಿದೆ. ದೊಡ್ಡ ಕೆರೆಯ ಏರಿ ಒಂದರ ಮೇಲೊಂದು ಬಿದ್ದಿದೆ, ಕೋಡಿಯ ಬಾಗು ಕೂಡ. ಇಬ್ಬರಿಗೂ ಧನ್ಯವಾದ. ಆದರೆ ಅಜ್ಜಿಯ ಊರಿನ ಚುಕ್ಕೆಗಳು ಬಿದ್ದಿರುವುದು ನೀಲಗಿರಿ ತೋಪಿನ ನಡುವೆ. ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಪಕ್ಕದ ಸಣ್ಣ ಕೆರೆಯೂ ಇಲ್ಲ, ಬಿಲ್ಲಿನಂತೆ ಬಾಗಿದ ಒಂದು ಹಸಿರು ಗೆರೆ ಮಾತ್ರ ಇದೆ.

ತೂಬಿನ_ಕೆಳಗೆ

ಆ ಬಾಗಿದ ಗೆರೆಯೇ ಏರಿ, ಮೇಲೆ ಗಿಡ ಬೆಳೆದಿದೆ. ಬಿಲ್ಲು ಯಾವ ಕಡೆಗೆ ಉಬ್ಬಿದೆ ನೋಡಿ. ಇಳಿಜಾರಿನ ಕಡೆಗೆ ಉಬ್ಬಿದ್ದರೆ ಅನುಮಾನ ಬೇಡ. ಸರ್ವೇ ಆಫ್ ಇಂಡಿಯಾದ ಈಗಿನ 1:50,000 ಓಪನ್ ಸೀರೀಸ್ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಅದು ಡಬ್ಲ್ಯುಜಿಎಸ್ 84ರಲ್ಲೇ ಇರುತ್ತದೆ, ಕಳೆಯುವ ಕೂಡುವ ಕೆಲಸವಿಲ್ಲ. ಅದರ ಎತ್ತರದ ಗೆರೆ 20 ಮೀಟರ್ ಅಂತರದ್ದು, ಇಷ್ಟು ಸಣ್ಣ ಕೆರೆಗೆ ನೆರವಾಗಲಿಕ್ಕಿಲ್ಲ. ಹಳ್ಳದ ಗೆರೆಯಾದರೂ ಸಿಗುತ್ತದೆ.

ಪಟ್ಟಿ_ಸರಪಳಿ

ಈಗಲಾದರೂ ನನ್ನ ಮಾತು ಕೇಳಿ. ಆ ಬೇಚರಾಕ್ ಗ್ರಾಮದ ನಕ್ಷೆಗೆ ಅರ್ಜಿ ಹಾಕಿ. ಅದರಲ್ಲಿ ಗ್ರಾಮಠಾಣಾ ಎಂದು ಬಿಟ್ಟ ಜಾಗ ಇದ್ದರೆ ಮನೆಗಳಿದ್ದದ್ದು ಅಲ್ಲೇ. ಸುತ್ತಲಿನ ಸರ್ವೇ ನಂಬರಿನ ಮೂಲೆಗಳನ್ನು ನಿಮ್ಮ ಏರಿಗೂ ಹಳ್ಳಕ್ಕೂ ಹೊಂದಿಸಿದರೆ ಟೋಪೋಶೀಟಿನ ಚುಕ್ಕೆಗಿಂತ ಖಚಿತವಾದ ಜಾಗ ಸಿಗುತ್ತದೆ. ದಿಶಾಂಕ್ ಆ್ಯಪ್ ಹಿಡಿದು ಅಲ್ಲಿಗೆ ಹೋದರೆ ಯಾವ ಸರ್ವೇ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ, ಹತ್ತಿಪ್ಪತ್ತು ಮೀಟರ್ ಆಚೀಚೆ ಇರಬಹುದು, ಅದರ ಮೇಲೆ ಜಗಳ ಕಾಯಬೇಡಿ.

ನೆಲದ ಮೇಲೆ ನೋಡಬೇಕಾದದ್ದು: ಕಲ್ಲು ಕಟ್ಟಿದ ಹಾಳು ಬಾವಿ, ಕಾಡಿನದಲ್ಲದ ಹಳೆಯ ಹುಣಸೆ ಅಥವಾ ಬೇವು, ಅಕ್ಕಪಕ್ಕದ ಕೆಂಪು ಮಣ್ಣಿನ ನಡುವೆ ಬೂದು ಬಣ್ಣದ ಹಾಸು, ಮಡಕೆ ಚೂರು. ನೀಲಗಿರಿ ನೆಡುವಾಗ ಗುಂಡಿ ತೋಡಿ ಮಣ್ಣು ಮೇಲೆ ಹಾಕಿರುತ್ತಾರೆ, ಚೂರು ಅಲ್ಲೇ ಸಿಗಬೇಕು. ಯಾರ ತೋಪು ಎಂದು ಪಹಣಿ ನೋಡಿ, ಅವರನ್ನು ಕೇಳಿ ಒಳಗೆ ಹೋಗಿ.

ತ್ರಿಕೋನ_ಕಲ್ಲು

ಗ್ರಾಮ ನಕ್ಷೆ ಹೊಂದಿಸುವಾಗ ಹೆಲ್ಮರ್ಟ್ ಬಳಸಿ, ಪಾಲಿನಾಮಿಯಲ್ ಬೇಡ. ಅದು ಹಾಳೆಯನ್ನು ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಅಳತೆ ಕೋನ ಕೆಡುವುದಿಲ್ಲ.

ಪಟ್ಟಿ_ಸರಪಳಿ

ಕಾಗದ ಅಡ್ಡಕ್ಕೊಂದು ಉದ್ದಕ್ಕೊಂದು ಕುಗ್ಗಿರುತ್ತದೆ. ಹೆಲ್ಮರ್ಟ್ ಅದನ್ನು ಹೇಗೆ ಸರಿಮಾಡುತ್ತದೆ?

ಮೇಲ್ವಿಚಾರಕ

ಹೆಲ್ಮರ್ಟ್ ಚರ್ಚೆಯನ್ನೂ ಹಿರೇಭಾಸ್ಕರದ ಚಿತ್ರಗಳನ್ನೂ ಬೇರೆ ಎಳೆಗಳಿಗೆ ಸಾಗಿಸಲಾಗಿದೆ. ಹಳೆಯ ಮೈಸೂರು ಹಾಳೆಗಳ ಬಗ್ಗೆ ಕೇಳುವವರು ಅಂಚಿನ ಚಿತ್ರವನ್ನು ಕಡ್ಡಾಯವಾಗಿ ಹಾಕತಕ್ಕದ್ದು.

ಹಾಳೂರು_ಹುಡುಕ

ಮೂಲ ಸ್ಕ್ಯಾನ್ ಕೊಟ್ಟವರಿಂದ ಅಂಚು ತರಿಸಿಕೊಂಡೆ. 80°17′21″ ಎಂದೇ ಇದೆ. ಗ್ರಾಮ ನಕ್ಷೆಗೆ ಅರ್ಜಿ ಹಾಕಿದ್ದೇನೆ. ತೋಪಿನವರು ಮಳೆಗಾಲ ಕಳೆದ ಮೇಲೆ ಬನ್ನಿ, ಈಗ ಹಾವಿನ ಕಾಟ ಎನ್ನುತ್ತಿದ್ದಾರೆ.