ಮುತ್ತಿನ ಚಿಪ್ಪಿನ ಮಾದರಿಯಲ್ಲಿ ಮಾಡಿದ ಜೇಡಿಮಣ್ಣಿನ ಫಿಲ್ಮ್ ಏಕೆ ಚೂರಾಗುತ್ತಿದೆ?

ಪ್ರಶ್ನೆ: ಪಿಯು ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನಕ್ಕಾಗಿ ನಾನು ಮತ್ತು ಇಬ್ಬರು ವಿದ್ಯಾರ್ಥಿನಿಯರು ಮುತ್ತಿನ ಚಿಪ್ಪಿನ ಹೊಳೆಯುವ ಒಳಪದರವನ್ನು ಅನುಕರಿಸುವ ಫಿಲ್ಮ್ ತಯಾರಿಸುವ ಪ್ರಯತ್ನದಲ್ಲಿದ್ದೇವೆ. ಬೆಂಟೊನೈಟ್ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಅದಕ್ಕೆ ಅಷ್ಟೇ ತೂಕದ ಪಾಲಿವಿನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ಪಾಲಿಮರ್ ಇರುವ ದ್ರಾವಣವನ್ನು ಒಮ್ಮೆಲೇ ಸುರಿದು, ತಟ್ಟೆಯಲ್ಲಿ ಹರಡಿ, ಬೇಗ ಒಣಗಲೆಂದು ಕಾಲೇಜಿನ ತಾರಸಿಯ ಬಿಸಿಲಿಗೆ ಇಟ್ಟೆವು. ಸಂಜೆಯ ಹೊತ್ತಿಗೆ ಅಂಚುಗಳು ಹಪ್ಪಳದಂತೆ ಮೇಲೆದ್ದಿದ್ದವು, ಕೈಗೆತ್ತಿಕೊಂಡರೆ ಚೂರುಚೂರಾಯಿತು. ಚಿಪ್ಪಿನ ಒಳಪದರದಲ್ಲಿ ಶೇಕಡಾ 95ರಷ್ಟು ಅರಗೊನೈಟ್ ಎಂಬ ಸುಣ್ಣದ ಖನಿಜವೇ ಇದ್ದರೂ ಅದು ಇಷ್ಟು ಸುಲಭವಾಗಿ ಒಡೆಯುವುದಿಲ್ಲ. ಅರ್ಧದಷ್ಟು ಪಾಲಿಮರ್ ಇರುವ ನಮ್ಮ ಫಿಲ್ಮ್ ಏಕೆ ಒಡೆಯುತ್ತಿದೆ?

ಉತ್ತರ 1: ಪದಾರ್ಥ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಯಶವಂತಪುರ

ಮೇಡಂ, ನಿಮ್ಮ ಪ್ರಮಾಣ ತಪ್ಪಿಲ್ಲ, ಜೋಡಣೆ ತಪ್ಪಿದೆ. ಚಿಪ್ಪಿನಲ್ಲಿ ಸುಮಾರು ಅರ್ಧ ಮೈಕ್ರೊಮೀಟರ್ ದಪ್ಪದ, ಕೆಲವು ಮೈಕ್ರೊಮೀಟರ್ ಅಗಲದ ಅರಗೊನೈಟ್ ಬಿಲ್ಲೆಗಳು ಇಟ್ಟಿಗೆ ಗೋಡೆಯಂತೆ ಒಂದರ ಮೇಲೊಂದು ಕುಳಿತಿರುತ್ತವೆ, ನಡುವೆ ಪ್ರೋಟೀನು ಮತ್ತು ಕೈಟಿನ್‌ನ (ಕೀಟಗಳ ಹೊರಕವಚದಲ್ಲೂ ಇರುವ ನಾರಿನಂಥ ವಸ್ತು) ತೀರ ತೆಳುವಾದ ಗಾರೆ ಇರುತ್ತದೆ. ಬಿರುಕು ಬಂದಾಗ ಬಿಲ್ಲೆಗಳು ಒಡೆಯುವ ಬದಲು ಒಂದರ ಮೇಲೊಂದು ಸ್ವಲ್ಪ ಜಾರುತ್ತವೆ, ಗಾರೆ ಎಳೆಯಾಗಿ ಹಿಗ್ಗುತ್ತದೆ, ಬಿರುಕು ಅಂಕುಡೊಂಕಾಗಿ ಸುತ್ತಬೇಕಾಗುತ್ತದೆ. ಹೀಗಾಗಿ ಬರೀ ಅರಗೊನೈಟನ್ನು ಒಡೆಯಲು ಬೇಕಾಗುವುದಕ್ಕಿಂತ ಸುಮಾರು 3000 ಪಟ್ಟು ಹೆಚ್ಚು ಶಕ್ತಿ ಇದನ್ನು ಒಡೆಯಲು ಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಪಾಲಿಮರನ್ನು ಒಮ್ಮೆಲೇ ಸುರಿದಾಗ ಮಣ್ಣಿನ ಹಾಳೆಯಂಥ ಸೂಕ್ಷ್ಮ ಕಣಗಳು ರಾಗಿ ಹಿಟ್ಟು ಗಂಟು ಕಟ್ಟುವಂತೆಯೇ ಗಂಟು ಕಟ್ಟುತ್ತವೆ, ಮತ್ತು ಪ್ರತಿ ಗಂಟೂ ಒಂದು ಬಿರುಕಿನ ಮೂಲವಾಗುತ್ತದೆ. 100 ಮಿಲಿಲೀಟರ್ ನೀರಿಗೆ ಅರ್ಧ ಗ್ರಾಂ ಮಣ್ಣು ಹಾಕಿ ಇಡೀ ದಿನ ಕಲಕಿರಿ, ರಾತ್ರಿ ಅಲುಗಾಡಿಸದೆ ಬಿಡಿ, ತಳದ ಚರಟವನ್ನು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ. ಪಾಲಿಮರನ್ನು ಹನಿಹನಿಯಾಗಿ ಬೆರೆಸಿ, ತಟ್ಟೆಯನ್ನು ನೆರಳಿನಲ್ಲಿ ಸಮತಟ್ಟಾಗಿ ಇಟ್ಟು, ಮೇಲೆ ತೆಳು ಬಟ್ಟೆ ಹೊದಿಸಿ ಎರಡು ಮೂರು ದಿನ ಒಣಗಲು ಬಿಡಿ. ನೀರು ನಿಧಾನವಾಗಿ ಇಳಿದರೆ ಹಾಳೆಗಳು ತಾವಾಗಿಯೇ ಮಲಗಿ ಪದರ ಕಟ್ಟುತ್ತವೆ.

ಉತ್ತರ 2: ವಿಮಾನದ ಬಿಡಿಭಾಗಗಳ ಕಾಂಪೊಸಿಟ್ (ನಾರು ಮತ್ತು ಅಂಟು ಸೇರಿಸಿ ಮಾಡುವ ವಸ್ತು) ಕೆಲಸದಿಂದ ನಿವೃತ್ತರಾದ ಎಂಜಿನಿಯರ್, ಮಾರತ್ತಹಳ್ಳಿ

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು, ಏಕೆಂದರೆ ಬಲ ಮತ್ತು ಒಡೆಯದೆ ತಾಳುವ ಗುಣ ಎರಡನ್ನೂ ಒಂದೇ ಎಂದುಕೊಳ್ಳುವ ತಪ್ಪನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಇದೇ ಮಣ್ಣಿನ ವರ್ಗದ ಮಾಂಟ್‌ಮೊರಿಲ್ಲೊನೈಟ್ ಮತ್ತು ಇದೇ ಪಾಲಿಮರನ್ನು ಪದರದ ಮೇಲೆ ಪದರವಾಗಿ ಅದ್ದಿ ತೆಗೆದು ಮಾಡಿದ ಫಿಲ್ಮ್ 2007ರಲ್ಲಿ ಪ್ರಕಟವಾಯಿತು. ಗ್ಲುಟರಾಲ್ಡಿಹೈಡ್‌ನಿಂದ ಪಾಲಿಮರ್ ಸರಪಳಿಗಳನ್ನು ಪರಸ್ಪರ ಬೆಸೆದಾಗ ಅದರ ಬಲ ಸುಮಾರು 150ರಿಂದ 400 ಮೆಗಾಪಾಸ್ಕಲ್‌ಗೆ ಏರಿತು, ಆದರೆ ಹರಿದುಹೋಗುವ ಮೊದಲು ಹಿಗ್ಗುವ ಸಾಮರ್ಥ್ಯ ಇಳಿಯಿತು. ಬೆಸುಗೆ ಬಿಗಿಯಾದಷ್ಟೂ ಜಾರಲು ಜಾಗ ಕಡಿಮೆ. ಗ್ಲುಟರಾಲ್ಡಿಹೈಡ್ ವಿಷಕಾರಿ, ಮಕ್ಕಳ ಕೈಗೆ ಕೊಡಬೇಡಿ. ನಿಮ್ಮ ಫಿಲ್ಮ್ ಒಣಗಿದ ಮೇಲೆ ಬಿರುಸಾದರೆ ಮಿಶ್ರಣಕ್ಕೆ ಒಂದೆರಡು ಹನಿ ಗ್ಲಿಸರಿನ್ ಸೇರಿಸಿ ನೋಡಿ.

ನಾವು ಕಾರ್ಬನ್ ಫೈಬರ್ ಹಾಳೆಗಳನ್ನು ಜೋಡಿಸುವಾಗ ಪದರಗಳು ಬಿಟ್ಟುಕೊಳ್ಳುವುದಕ್ಕೇ ಅಂಜುತ್ತಿದ್ದೆವು. ಆದರೆ ಚಿಪ್ಪಿನಲ್ಲಿ ಜಾರುವಿಕೆಗೆ ಮಿತಿ ಇದೆ: ಬಿಲ್ಲೆಗಳ ಮೈ ನುಣುಪಾಗಿಲ್ಲ, ಸಣ್ಣ ಉಬ್ಬುಗಳೂ ಖನಿಜದ ಸೇತುವೆಗಳೂ ಇವೆ, ಒಂದು ಕಡೆ ಜಾರಿದ್ದು ಅಲ್ಲೇ ಸಿಕ್ಕಿಕೊಂಡು ಪಕ್ಕದ ಬಿಲ್ಲೆಗಳಿಗೆ ಹೊರೆಯನ್ನು ಹಂಚುತ್ತದೆ. ಇಂಥ ಜೋಡಣೆಯನ್ನೇ ಹಂತಹಂತದ ರಚನೆ ಎನ್ನುತ್ತಾರೆ. ಬರೀ ಪದರಗಳಿದ್ದರೆ ಸಾಲದು, ಪದರದೊಳಗೆ ಬಿಲ್ಲೆ, ಬಿಲ್ಲೆಯ ಮೈಮೇಲೆ ಉಬ್ಬು, ಪ್ರತಿ ಅಳತೆಯಲ್ಲೂ ಬಿರುಕಿಗೆ ಒಂದು ಅಡ್ಡಿ. ವಿದ್ಯಾರ್ಥಿನಿಯರಿಗೆ ಕಣ್ಣಿಗೆ ಕಾಣುವ ಉದಾಹರಣೆ ಬೇಕಿದ್ದರೆ ಬಂಬೂ ಬಜಾರಿನಿಂದ ಬಿದಿರಿನ ತುಂಡೊಂದನ್ನು ತಂದು ಅಡ್ಡಲಾಗಿ ಗರಗಸದಲ್ಲಿ ಕೊಯ್ದು ತೋರಿಸಿ: ನಾರಿನ ಕಪ್ಪು ಚುಕ್ಕೆಗಳು ಒಳಗೆ ವಿರಳ, ಗಾಳಿಗೆ ಬಾಗುವಾಗ ಹೆಚ್ಚು ಎಳೆತ ಬೀಳುವ ಹೊರಮೈಯಲ್ಲಿ ಒತ್ತೊತ್ತಾಗಿರುತ್ತವೆ.

ಪ್ರಶ್ನೆ ಕೇಳಿದವರ ಮರುಉತ್ತರ, ಎರಡು ವಾರಗಳ ನಂತರ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ತಿಳಿಯನ್ನು ಮಾತ್ರ ಬಳಸಿ, ಪ್ರಯೋಗಾಲಯದ ಮೂಲೆಯಲ್ಲಿ ಮೂರು ದಿನ ಒಣಗಿಸಿದ ಫಿಲ್ಮ್ ತಟ್ಟೆಯಿಂದ ಇಡಿಯಾಗಿ ಎದ್ದು ಬಂತು. ಪೆನ್ಸಿಲಿಗೆ ಸುತ್ತಿದರೂ ಒಡೆಯಲಿಲ್ಲ. ಬೆಳಕಿಗೆ ಹಿಡಿದರೆ ಹಿಂದಿನ ಅಕ್ಷರಗಳು ಓದಲು ಬರುತ್ತವೆ. ಮೊನ್ನೆ ಮಳೆ ಹಿಡಿದ ದಿನ ಅದೇ ಫಿಲ್ಮ್ ಸ್ವಲ್ಪ ಮೆತ್ತಗಾಗಿ ಬೆರಳಿಗೆ ಅಂಟಿತು, ಪಾಲಿಮರ್ ತೇವ ಹೀರಿಕೊಂಡಿದೆ ಎಂದುಕೊಂಡಿದ್ದೇವೆ. ಹಿಗ್ಗುವ ಗುಣವನ್ನು ಹೆಚ್ಚು ಕಳೆದುಕೊಳ್ಳದೆ ತೇವವನ್ನು ತಡೆಯಲು ಬೋರಾಕ್ಸ್‌ನಿಂದ (ಬಿಳಿಗಾರ) ಪಾಲಿಮರ್ ಸರಪಳಿಗಳನ್ನು ಹಗುರವಾಗಿ ಬೆಸೆಯುವುದಾದರೆ, ಯಾವ ಹಂತದಲ್ಲಿ ಸೇರಿಸುವುದು ಒಳ್ಳೆಯದು? ಮೊದಲೇ ಬೆರೆಸಿದರೆ ದ್ರಾವಣ ಲೋಳೆಯಂತೆ ಗಟ್ಟಿಯಾಗುತ್ತಿದೆ.

ಉತ್ತರ 3: ಮೊದಲ ಉತ್ತರ ಬರೆದವರು

ಫಿಲ್ಮ್ ಪೂರ್ತಿ ಒಣಗಿದ ಮೇಲೆ ತೀರ ತೆಳುವಾದ ಬೋರಾಕ್ಸ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ಮೇಡಂ. ಆಗ ಪದರಗಳು ಆಗಲೇ ಮಲಗಿರುತ್ತವೆ, ಬೆಸುಗೆ ಅವುಗಳ ಜೋಡಣೆಯನ್ನು ಕೆಡಿಸುವುದಿಲ್ಲ.