ಪದಚರ್ಚೆ: ‘ಸಮರ್ ಸ್ಕ್ವಾಶ್’, ‘ಸ್ಟಫಿಂಗ್’, ‘ಸೋಟೆ’, ‘ಬೇಕ್’ – ಅಡುಗೆ ಬರಹದಲ್ಲಿ ಏನೆಂದು ಬರೆಯುವುದು?

ಪ್ರಶ್ನೆ

ಬಲ್ಲವರಲ್ಲಿ ಒಂದು ಕೇಳಿಕೆ. ಸಮರ್ ಸ್ಕ್ವಾಶ್ ಕಾಯಿಯ ಒಳಭಾಗ ತೆಗೆದು, ಮಿಶ್ರಣ ತುಂಬಿ, ಓವನ್‌ನಲ್ಲಿ ಬೇಯಿಸುವ ವಿಧಾನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಯಿಗೆ ‘ಬೇಸಿಗೆ ಕುಂಬಳ’ ಎನ್ನಬಹುದೇ? ಒಳಗೆ ತುಂಬುವುದನ್ನು ‘ಹೂರಣ’ ಎಂದರೆ ಸಿಹಿ ಅಂದುಕೊಳ್ಳುತ್ತಾರೆಯೇ? ‘ಸೋಟೆ’ ಎಂದರೆ ಬಾಡಿಸುವುದೋ ಹುರಿಯುವುದೋ? ‘ಬೇಕ್’ಗೆ ‘ಸುಡು’ ಎಂದು ಬರೆದರೆ ಓದುಗರು ಕೆಂಡ ಹುಡುಕಿಯಾರೇ?

ಉತ್ತರ 1

‘ಬೇಸಿಗೆ ಕುಂಬಳ’ ಬೇಡ. ಇಲ್ಲಿ ‘ಸಮರ್’ ಎನ್ನುವುದು ಋತುವಿಗಿಂತ ಹೆಚ್ಚಾಗಿ ಕೊಯ್ಲಿನ ಹದವನ್ನು ಹೇಳುತ್ತದೆ. ಸಿಪ್ಪೆ, ಬೀಜ ಎರಡೂ ಎಳೆಯದಿರುವಾಗಲೇ ಕಿತ್ತು ಸಿಪ್ಪೆಸಮೇತ ತಿನ್ನುವ ಕಾಯಿ ಇದು. ‘ವಿಂಟರ್ ಸ್ಕ್ವಾಶ್’ ಬೆಳೆಯುವುದೂ ಬೇಸಿಗೆಯಲ್ಲೇ. ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ದು ಚಳಿಗಾಲಕ್ಕೆ ಇಟ್ಟುಕೊಳ್ಳುವುದರಿಂದ ಆ ಹೆಸರು. ‘ಸ್ಕ್ವಾಶ್’ ಎಂಬ ಮಾತು ಉತ್ತರ ಅಮೆರಿಕದ ನರಗಾನ್ಸೆಟ್ ನುಡಿಯಿಂದ ಬಂದದ್ದು, ಅಲ್ಲಿಯೂ ‘ಹಸಿಯಾಗಿ ತಿನ್ನುವಂಥದ್ದು’ ಎಂಬ ಅರ್ಥವೇ ಇದೆ. ‘ಎಳೆಗುಂಬಳ’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಓದಿದವರು ಸಿಹಿಗುಂಬಳದ ಮಿಡಿ ತಂದಾರು. ‘ಸೀಮೆಬದನೆ’ ಎನ್ನೋಣವೆಂದರೆ ಅದು ಬೇರೆಯೇ ಕಾಯಿ, ಅದರ ತಿರುಳು ಗಟ್ಟಿ, ಬೇಯುವ ಹೊತ್ತೂ ಬೇರೆ. ಬರೀ ‘ಸ್ಕ್ವಾಶ್’ ಎಂದರೆ ಶರಬತ್ತೋ ಆಟವೋ ಆಗಿಬಿಡುತ್ತದೆ. ಹಾಗಾಗಿ ತಳಿಯ ಹೆಸರನ್ನೇ ಹೇಳಿಬಿಡಿ: ಉದ್ದನೆಯದು ಜುಕಿನಿ, ಹಳದಿಯದು ಹಳದಿ ಸ್ಕ್ವಾಶ್, ಅಂಚು ಅಲೆಅಲೆಯಾಗಿರುವ ಚಪ್ಪಟೆ ಕಾಯಿ ಪ್ಯಾಟಿಪ್ಯಾನ್. ಮೂರೂ ಕುಕರ್ಬಿಟಾ ಪೆಪೊ ಜಾತಿಯವೇ.

‘ಹೂರಣ’ ಧಾರಾಳವಾಗಿ ಬಳಸಿ. ಮೊದಲ ಸಲ ‘ಖಾರದ ಹೂರಣ’ ಎಂದು ಬರೆದರೆ ಸಿಹಿಯ ಅನುಮಾನ ಹೋಗುತ್ತದೆ. ಕಾಯಿಯೊಳಗಿಂದ ತೆಗೆದದ್ದಕ್ಕೆ ಮಾತ್ರ ‘ತಿರುಳು’ ಎನ್ನಿ. ಆ ತಿರುಳು ಮತ್ತೆ ಹೂರಣಕ್ಕೇ ಸೇರುವುದರಿಂದ ಎರಡು ಪದಗಳು ಕಲಸಿಹೋಗಬಾರದು.

ತೆಗೆಯುವ ಕೆಲಸಕ್ಕೆ ಎರಡು ಕ್ರಿಯಾಪದ ಬೇಕು. ಸುಮಾರು 200 ಗ್ರಾಂ ತೂಗುವ 4 ಕಾಯಿಗಳನ್ನು ಉದ್ದಕ್ಕೆ ಸೀಳಿ, ಬೀಜದ ಭಾಗವನ್ನು ಚಮಚದಿಂದ ‘ತೋಡಿ’, ಆಮೇಲೆ ಗೋಡೆಯನ್ನು 6 ಮಿಲಿಮೀಟರ್ ದಪ್ಪ ಉಳಿಯುವಷ್ಟು ‘ಕೆರೆಯಿರಿ’. ‘ಒಳಗಿನದನ್ನು ತೆಗೆಯಿರಿ’ ಎಂದಷ್ಟೇ ಬರೆದರೆ ಓದುಗರು ಸಿಪ್ಪೆವರೆಗೂ ಕೆರೆದುಬಿಡುತ್ತಾರೆ, ಬೆಂದ ಮೇಲೆ ದೋಣಿ (ತೋಡಿದ ಹೋಳು) ಕುಸಿಯುತ್ತದೆ. ದಪ್ಪ ಬಿಟ್ಟರೆ ಮೇಲೆ ಕೆಂಪಾದರೂ ಗೋಡೆ ಹಸಿಯಾಗಿಯೇ ಇರುತ್ತದೆ.

‘ಸೋಟೆ’ಗೆ ಒಂದೇ ಪದ ಹುಡುಕಲು ಹೋಗಬೇಡಿ, ಈ ಅಡುಗೆ ಕೆಡುವುದು ಅಲ್ಲಿಯೇ. ಸಣ್ಣಗೆ ಹೆಚ್ಚಿದ 1 ಈರುಳ್ಳಿ, 2 ಎಸಳು ಬೆಳ್ಳುಳ್ಳಿಯನ್ನು 1 ದೊಡ್ಡ ಚಮಚ ಎಣ್ಣೆಯಲ್ಲಿ ‘ಬಾಡಿಸಿ’, ಬಣ್ಣ ಬರಬೇಕಿಲ್ಲ. ಕೊಚ್ಚಿದ ತಿರುಳು ಹಾಕಿದ ಮೇಲೆ ಉರಿ ಜೋರು ಮಾಡಿ ‘ನೀರಾರುವವರೆಗೆ ಹುರಿಯಿರಿ’, 8ರಿಂದ 10 ನಿಮಿಷ. ಈ ಕಾಯಿಯಲ್ಲಿ ಸುಮಾರು ಶೇ. 95 ನೀರೇ. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಅದರೊಳಕ್ಕೆ ನೀರು ಹರಿದು ಬರಬಾರದು, ತಳ ಒಣಗಿ ಕಾಣಬೇಕು. ‘ಮೆತ್ತಗಾಗುವವರೆಗೆ’ ಎಂದು ಬರೆದಿರೋ, ಎರಡೇ ನಿಮಿಷಕ್ಕೆ ಇಳಿಸಿಬಿಡುತ್ತಾರೆ. ಉಳಿದ ನೀರೆಲ್ಲ ಓವನ್‌ನಲ್ಲಿ ಹೊರಬಂದು ತಟ್ಟೆ ತುಂಬಾ ರಸವಾಗುತ್ತದೆ. ಆರಿದ ಮೇಲೆ 50 ಗ್ರಾಂ ಒಣ ಬ್ರೆಡ್ ಪುಡಿ, 60 ಗ್ರಾಂ ತುರಿದ ಚೀಸ್, ಮೆಣಸಿನ ಪುಡಿ ಸೇರಿಸಿ ಉಪ್ಪು ನೋಡಿ. ಮೊಟ್ಟೆ ಹಾಕುವುದಿದ್ದರೆ ರುಚಿ ನೋಡಿದ ಮೇಲೆಯೇ ಹಾಕುವುದು. ಬಿಸಿಯಿರುವಾಗ ಹಾಕಿದರೆ ಗಂಟುಗಂಟಾಗುತ್ತದೆ.

‘ಸುಡು’ ಎಂದರೆ ಉರಿ ನೇರ ತಾಗಬೇಕು. ಬರೀ ‘ಬೇಯಿಸು’ ಎಂದರೆ ನೀರೋ ಹಬೆಯೋ ನೆನಪಿಗೆ ಬರುತ್ತದೆ, ಮುಚ್ಚಳ ಮುಚ್ಚುವವರೂ ಇದ್ದಾರೆ. ಓವನ್‌ನ ಒಣಕಾವಿಗೆ ‘ಬೇಕ್ ಮಾಡು’ ಎಲ್ಲರಿಗೂ ತಿಳಿದ ಮಾತು, ಅದನ್ನು ಬಿಡುವುದೇಕೆ? 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ ಖಾಲಿ ದೋಣಿಗಳನ್ನು 10 ನಿಮಿಷ, ಹೂರಣ ತುಂಬಿ ಮತ್ತೆ 20ರಿಂದ 25 ನಿಮಿಷ, ಎರಡು ಸಲವೂ ಮುಚ್ಚದೆ. ಚಾಕುವಿನ ತುದಿ ಗೋಡೆಯೊಳಗೆ ತುಸು ತಡೆದು ಇಳಿದರೆ ಹದ. ಅಷ್ಟರೊಳಗೆ ಮೇಲೆ ಹೆಚ್ಚು ಕೆಂಪಾಗುತ್ತಿದ್ದರೆ ಮಾತ್ರ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ.

ಉತ್ತರ 2

ಮೇಲಿನದಕ್ಕೆ ಒಂದೆರಡು ಸೇರ್ಪಡೆ. ತೋಡಿದ ದೋಣಿಗಳಿಗೆ ಉಪ್ಪು ‘ಚಿಮುಕಿಸಿ’ ಎನ್ನುವುದಕ್ಕಿಂತ ‘ಸವರಿ’ ಎನ್ನಿ, ಗೋಡೆಗೂ ತಾಗಬೇಕಲ್ಲ. ಎಲ್ಲ 8 ಹೋಳಿಗೂ ಸೇರಿ ಮುಕ್ಕಾಲು ಚಿಕ್ಕ ಚಮಚ ಸಾಕು. ‘ನೀರು ಬಸಿಯಿರಿ’ ಎಂದರೆ ಪಾತ್ರೆ ಬಗ್ಗಿಸುವ ಚಿತ್ರ ಬರುತ್ತದೆ. ‘ಬಟ್ಟೆಯ ಮೇಲೆ 15 ನಿಮಿಷ ಬೋರಲು ಹಾಕಿ, ಒರೆಸಿ’ ಎಂದು ಬರೆದರೆ ಮಾಡಬೇಕಾದ್ದು ತಪ್ಪುವುದಿಲ್ಲ. ತುಂಬುವಾಗಲೂ ‘ಒತ್ತಿ ತುಂಬಿ’ ಬೇಡ, ‘ಸಡಿಲವಾಗಿ, ತುಸು ಉಬ್ಬುವಂತೆ’ ಸರಿ. ಒತ್ತಿದರೆ ಹೂರಣ ಗಟ್ಟಿ ಉಂಡೆಯಾಗುತ್ತದೆ.

ತಿರುಳಿನ ಚೂರೊಂದನ್ನು ಮೊದಲೇ ನಾಲಿಗೆಗೆ ಮುಟ್ಟಿಸಿ ನೋಡಲು ಹೇಳಿ. ಕಹಿಯಿದ್ದರೆ ಅದು ಕುಕರ್ಬಿಟಾಸಿನ್ ಎಂಬ ವಿಷವಸ್ತು. ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಸೌತೆಯ ತುದಿ ಉಜ್ಜುವ ಉಪಾಯ ಇಲ್ಲಿ ಕೆಲಸಕ್ಕೆ ಬಾರದು, ಕಾಯಿಯನ್ನೇ ಎಸೆಯಬೇಕು.

ಇಂಗ್ಲಿಷಿನಲ್ಲಿ ಹೂರಣದ ಪಟ್ಟಿಯಲ್ಲಿ ಸುಮ್ಮನೆ ‘ರೈಸ್’ ಎಂದಿದ್ದರೆ ಎಚ್ಚರ. ಕನ್ನಡದಲ್ಲಿ ಅಕ್ಕಿಯೋ ಅನ್ನವೋ ಎಂದು ಹೇಳಲೇಬೇಕು, ಈ ಅಡುಗೆಗೆ ಬೇಕಾದದ್ದು ಅನ್ನ. ನೀರಾರಿದ ಹೂರಣದಲ್ಲಿ ಅಕ್ಕಿ ಬೇಯಲು ತೇವವೂ ಇಲ್ಲ, 25 ನಿಮಿಷ ಸಾಲುವುದೂ ಇಲ್ಲ, ಕಾಳು ಹಲ್ಲಿಗೆ ಸಿಗುತ್ತದೆ. ಬ್ರೆಡ್ ಪುಡಿಯ ಬದಲು ಹಾಕುವುದಾದರೆ ಉದುರುದುರಾದ, ಆರಿದ ಅನ್ನ 1 ಕಪ್. ಮೊಟ್ಟೆಯೋ ತುಸು ಹೆಚ್ಚು ಚೀಸೋ ಇಲ್ಲದಿದ್ದರೆ ಕತ್ತರಿಸುವಾಗ ಕಾಳೆಲ್ಲ ಚೆಲ್ಲುತ್ತದೆ.